ಹಳೆಯ ಭಾವಚಿತ್ರದಿಂದ ಹೊಸ ಚಿತ್ರ

ಕೃಷ್ಣಾನದಿಯ ದಂಡೆಯಲ್ಲಿರುವ ಚಿಕ್ಕಪಡಸಲಗಿ ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ೧೯೮೯ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಈ ಭಾಗದ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, ನದಿಗೆ ಅಡ್ಡಲಾಗಿ ಬ್ಯಾರೇಜನ್ನು ಕಟ್ಟಿದುದರಿಂದ ಈ ಊರಿನ ಹೆಸರು ನಾಡಿಗೆಲ್ಲ ತಿಳಿಯಿತು. ‘ಶ್ರಮಬಿಂದು ಸಾಗರ’ ಎಂದು ಅದನ್ನು ಕರೆಯುತ್ತಾರೆ. ಆಗ ಬುಟ್ಟಿ ಹೊತ್ತು ನಿಂತ ಒಬ್ಬ ರೈತನ ಬಣ್ಣದ ಛಾಯಾಚಿತ್ರವೊಂದು ಅವನ ಮನೆಯಲ್ಲಿ ಇದೆಯೆಂದು ಭಾವಿಸೋಣ. ಅದೇ ಮನೆಯ ಪಡಸಾಲೆಯ ಬಾಗಿಲ ಮೇಲ್ಗಡೆ ಅವನ ತಂದೆತಾಯಿಗಳ ಮದುವೆಯ ಕಾಲದ ಕಪ್ಪು-ಬಿಳುಪು ಭಾವಚಿತ್ರವೂ ಚೌಕಟ್ಟಿನೊಳಗೆ ಇದೆಯೆಂದುಕೊಳ್ಳೋಣ. ಒಂದಕ್ಕೆ ಎಪ್ಪತ್ತು ವರ್ಷ ವಯಸ್ಸು, ಇನ್ನೊಂದಕ್ಕೆ ಅದರ ಅರ್ಧ. ಇವೆರಡರಲ್ಲಿ ಯಾವುದು ಹೆಚ್ಚು ಕಾಲ ಬಾಳೀತು?

ಹೊಸದು ಎಂದು ಹೇಳುವವರೇ ಬಹಳ. ಆದರೆ ಎರಡನ್ನೂ ಒಂದೇ ರೀತಿಯಾಗಿ ಕಾಪಾಡಿದ್ದರೆ ತಂದೆತಾಯಿಗಳ ಚಿತ್ರವೇ ಮಗನ ಚಿತ್ರಕ್ಕಿಂತ ಮುಂದೆ ಉಳಿಯುವ ಸಂಭವ ಹೆಚ್ಚು. ಇದು ಏಕೆಂಬುದು ತಿಳಿದರೆ, ಹಿರಿಯರಿಂದ ಬಂದ ಭಾವಚಿತ್ರಗಳನ್ನು ಬಳಸಿ ಹೊಸ ಕಲಾಕೃತಿಗಳನ್ನು ಮಾಡಬೇಕೆಂಬ ಉತ್ಸಾಹವುಳ್ಳ ತರುಣರು ಎಲ್ಲಿಂದ ಆರಂಭಿಸಬೇಕು, ಯಾವುದಕ್ಕೆ ಕತ್ತರಿ ಹಾಕಬಾರದು ಎಂಬುದೂ ತಾನಾಗಿಯೇ ತಿಳಿಯುತ್ತದೆ. ಇಂಥ ಉತ್ಸಾಹ ಈಗ ಕಾಲೇಜುಗಳಲ್ಲಿ ಸಾಕಷ್ಟು ಕಾಣುತ್ತದೆ. ಅಜ್ಜನ ಚಿತ್ರವನ್ನು ಕತ್ತರಿಸಿ ಹಲಗೆಗೆ ಅಂಟಿಸಿ ಬಣ್ಣ ಬಳಿದ ಕೃತಿಗಳನ್ನು ಪ್ರದರ್ಶನಗಳಲ್ಲಿ ನೋಡಿದಾಗ ಕೃತಿಯನ್ನು ಮೆಚ್ಚುವ ಮೊದಲು ಎದೆ ಝಲ್ಲೆನ್ನುತ್ತದೆ.

ಕಪ್ಪು-ಬಿಳುಪು ಭಾವಚಿತ್ರವೆಂದರೆ ವಸ್ತುತಃ ಏನು? ಕಾಗದದ ಮೇಲೆ ಜಿಲಟಿನ್ ಎಂಬ ಅಂಟುಪದಾರ್ಥದ ತೆಳುವಾದ ಲೇಪ. ಆ ಲೇಪದಲ್ಲಿ ಹುದುಗಿಕೊಂಡ ಬೆಳ್ಳಿಯ ಅತಿ ಸೂಕ್ಷ್ಮ ಕಣಗಳು. ಇಷ್ಟೇ. ಪ್ರಾಣಿಗಳ ಎಲುಬು, ಚರ್ಮಗಳನ್ನು ಕುದಿಸಿ ಪಡೆಯುವ ಜಿಲಟಿನ್ನಿನಲ್ಲಿ ಬೆಳ್ಳಿಯ ಬ್ರೋಮೈಡಿನಂಥ ಲವಣದ ಹರಳುಗಳನ್ನು ಬೆರೆಸಿ ಕಾಗದದ ಮೇಲೆ ಸವರಿರುತ್ತಾರೆ. ಬೆಳಕು ತಾಕಿದ ಹರಳುಗಳು ಡೆವಲಪರ್ ದ್ರಾವಣದಲ್ಲಿ ಅಪಕರ್ಷಣಗೊಂಡು ಲೋಹರೂಪದ ಬೆಳ್ಳಿಯಾಗುತ್ತವೆ. ಹೊಳೆಯಬೇಕಾದ ಬೆಳ್ಳಿ ಇಲ್ಲಿ ಕಪ್ಪಾಗಿ ಕಾಣುವುದೇಕೆಂದು ವಾಚಕರು ಕೇಳಬಹುದು. ತಟ್ಟೆಯ ಬೆಳ್ಳಿಗೆ ನುಣುಪಾದ ಮೈಯಿದೆ; ಬೆಳಕು ಅಲ್ಲಿ ಕ್ರಮವಾಗಿ ಪ್ರತಿಫಲಿಸುತ್ತದೆ. ಭಾವಚಿತ್ರದ ಬೆಳ್ಳಿಯಾದರೋ ಸಿಕ್ಕುಗಟ್ಟಿದ ನೂಲಿನ ಉಂಡೆಯಂತೆ ಸೂಕ್ಷ್ಮ ಎಳೆಗಳ ಗೋಜಲು. ಒಳಹೊಕ್ಕ ಬೆಳಕು ಎಳೆಯಿಂದ ಎಳೆಗೆ ಚದರಿ ಅಲ್ಲಿಯೇ ಹೀರಿಹೋಗುತ್ತದೆ. ಅಜ್ಜಿಯ ಕಣ್ಣಿನ ಕಪ್ಪು, ಕೂದಲಿನ ಕಪ್ಪು ಎಲ್ಲವೂ ಹೀಗೆ ಸಿಕ್ಕುಗಟ್ಟಿದ ಬೆಳ್ಳಿಯೇ ಆಗಿದೆ.

ಬೆಳಕು ತಾಕದೆ ಉಳಿದ ಲವಣವನ್ನು ತೊಳೆದು ತೆಗೆಯದಿದ್ದರೆ ಚಿತ್ರವೆಲ್ಲ ಕ್ರಮೇಣ ಕಪ್ಪಾಗುತ್ತದೆ. ಈ ಕೆಲಸಕ್ಕೆ ಒದಗಿದುದು ‘ಹೈಪೊ’ ಎಂದು ಹೆಸರಾದ ಸೋಡಿಯಂ ಥಯೋಸಲ್ಫೇಟು. ಬೆಳ್ಳಿಯ ಲವಣಗಳನ್ನು ಅದು ಕರಗಿಸುತ್ತದೆಂಬುದನ್ನು ಇಂಗ್ಲೆಂಡಿನ ಜಾನ್ ಹರ್ಷೆಲ್ ೧೮೧೯ರಲ್ಲಿಯೇ ಕಂಡುಕೊಂಡಿದ್ದ. ೧೮೩೯ರಲ್ಲಿ ಛಾಯಾಗ್ರಹಣ ಹುಟ್ಟಿದೊಡನೆ ಅದನ್ನು ಬಳಕೆಗೆ ತಂದ. ಈ ಹರ್ಷೆಲ್ಲನ ಹೆಸರು ಮುಂದೆ ಇನ್ನೊಮ್ಮೆ ಬರಲಿದೆ.

ಬಣ್ಣದ ಚಿತ್ರದ ಕಥೆ ಬೇರೆ. ಅದರಲ್ಲಿ ಕೊನೆಗೆ ಬೆಳ್ಳಿ ಉಳಿಯುವುದೇ ಇಲ್ಲ. ಬೆಳ್ಳಿಯ ಸಹಾಯದಿಂದ ಹಳದಿ, ಕಡುಗೆಂಪು, ಹಸಿರುನೀಲಿ ಎಂಬ ಮೂರು ವರ್ಣದ್ರವ್ಯಗಳು ಮೂರು ಪದರಗಳಲ್ಲಿ ಹುಟ್ಟುತ್ತವೆ. ಬಳಿಕ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತಾರೆ. ಈ ದ್ರವ್ಯಗಳು ಕಾರ್ಬನ್ನಿನ ಸಂಯುಕ್ತಗಳು. ಸೀರೆಯ ಕಚ್ಚಾಬಣ್ಣದಂತೆ ಇವೂ ಮಾಸುತ್ತವೆ. ಮೂರೂ ಒಂದೇ ವೇಗದಲ್ಲಿ ಮಾಸಿದ್ದರೆ ಚಿತ್ರ ತಿಳಿಯಾಗುತ್ತಿತ್ತು, ಅಷ್ಟೆ. ಹಾಗೆ ಆಗುವುದಿಲ್ಲ. ೧೯೭೦-೮೦ರ ದಶಕಗಳ ಅನೇಕ ಚಿತ್ರಗಳು ಪೆಟ್ಟಿಗೆಯ ಕತ್ತಲೆಯಲ್ಲಿದ್ದರೂ ಅವುಗಳ ಹಸಿರುನೀಲಿ ಮೊದಲು ಕಳೆದುಹೋಗಿ ಮುಖ, ಗೋಡೆ, ಆಕಾಶಗಳೆಲ್ಲ ಕೆಂಪಡರಿದಂತೆ ಕಾಣುತ್ತವೆ. ಬೆಳಕಿಗೆ ಒಡ್ಡಿ ಗೋಡೆಗೆ ತೂಗುಹಾಕಿದರೆ ಸಾಮಾನ್ಯವಾಗಿ ಕಡುಗೆಂಪು ಮೊದಲು ಸೋಲುತ್ತದೆ. ಆದುದರಿಂದ ಮನೆಯ ಚಿತ್ರಗಳಿಗೆ ಪ್ರತಿ ತೆಗೆದಿಡುವವರು ಅಜ್ಜನ ಚಿತ್ರಕ್ಕಿಂತ ಮೊದಲು ಅಪ್ಪನ ಬಣ್ಣದ ಚಿತ್ರವನ್ನು ಕೈಗೆತ್ತಿಕೊಳ್ಳಬೇಕು.

ಹಾಗೆಂದು ಬೆಳ್ಳಿಯೇನೂ ಚಿರಂಜೀವಿಯಲ್ಲ. ಸ್ಟುಡಿಯೋದವರು ಅವಸರದಲ್ಲಿ ಸರಿಯಾಗಿ ತೊಳೆಯದೆ ಬಿಟ್ಟ ಹೈಪೊ ಲೇಪದಲ್ಲಿ ಉಳಿದಿದ್ದರೆ ಅದರ ಗಂಧಕ ಬೆಳ್ಳಿಯನ್ನು ಹಿಡಿದು ಚಿತ್ರವನ್ನು ಹಳದಿಗಟ್ಟಿಸುತ್ತದೆ. ತೇವದ ಗಾಳಿಯಲ್ಲಿ ಬೆಳ್ಳಿ ಉತ್ಕರ್ಷಣಗೊಂಡು, ಅದರ ಅಯಾನುಗಳು ಲೇಪದ ಮೇಲ್ಮೈಗೆ ಬಂದು, ಅಲ್ಲಿ ಮತ್ತೆ ಬೆಳ್ಳಿಯಾಗಿ ಕೂಡುವುದುಂಟು. ಹಳೆಯ ಚಿತ್ರವನ್ನು ಓರೆಯಾಗಿ ಹಿಡಿದಾಗ ಅಂಚಿನ ಕಪ್ಪುಭಾಗದಲ್ಲಿ ಕನ್ನಡಿಯಂಥ ನೀಲಿಹೊಳಪು ಕಾಣುವುದು ಇದರಿಂದಲೇ. ಸಿಕ್ಕಿನ ಉಂಡೆಯಾಗಿದ್ದ ಬೆಳ್ಳಿ ಮತ್ತೆ ತಟ್ಟೆಯ ಬೆಳ್ಳಿಯಾಗುತ್ತಿದೆ ಎನ್ನಬಹುದು.

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಕೃಷ್ಣಾ ಕಣಿವೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆ, ಬೀಳಗಿ ಭಾಗದ ಅನೇಕ ಊರುಗಳು ಮುಳುಗಿ ಜನ ಹೊಸ ಊರುಗಳಿಗೆ ಹೋದರು. ೨೦೦೯ರಲ್ಲಿ ಉತ್ತರ ಕರ್ನಾಟಕವನ್ನೆಲ್ಲ ನೆರೆ ಮುತ್ತಿತು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಮತ್ತೆ ದಂಡೆ ಮೀರಿದಳು. ಮುಳುಗಿದ ಊರಿನವರಿಗೆ ಹಳೆಯ ಮನೆಯ ಕಂಬ, ಕಟ್ಟೆ, ಅಂಗಳಗಳು ಉಳಿದಿದ್ದರೆ ಭಾವಚಿತ್ರದ ಹಿನ್ನೆಲೆಯಲ್ಲಿ ಮಾತ್ರ ಉಳಿದಿವೆ. ಚಿತ್ರ ತೆಗೆಸಿಕೊಂಡವನು ಅಂದು ತನ್ನ ಮುಖವಷ್ಟೇ ಬರಲೆಂದು ನಿಂತಿದ್ದಾನು. ಇಂದು ಅವನ ಬೆನ್ನ ಹಿಂದಿನ ಗೋಡೆಗೂ ಮುಖದಷ್ಟೇ ಬೆಲೆ ಬಂದಿದೆ.

ನೀರಿನಲ್ಲಿ ನೆನೆದಾಗ ಜಿಲಟಿನ್ ಉಬ್ಬಿ ಮೆತ್ತಗಾಗುತ್ತದೆ. ಒದ್ದೆಯಾದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಒಣಗಲು ಬಿಟ್ಟರೆ ಅವು ಒಂದೇ ಹಲಗೆಯಾಗುತ್ತವೆ. ಒಣಗುವ ಮುನ್ನವೇ ಶುಭ್ರವಾದ ತಣ್ಣೀರಿನಲ್ಲಿ ಮುಳುಗಿಸಿ, ತಾವಾಗಿಯೇ ಬಿಡಿಬಿಡಿಯಾಗುವಂತೆ ಮಾಡಿ, ಮುಖ ಮೇಲಾಗಿ ನೆರಳಿನಲ್ಲಿ ಹರಡಬೇಕು. ಬಿಸಿನೀರು ಕೂಡದು, ಅದರಲ್ಲಿ ಜಿಲಟಿನ್ ಕರಗುತ್ತದೆ. ಚೌಕಟ್ಟಿನ ಗಾಜಿಗೆ ಚಿತ್ರ ಅಂಟಿ ಒಣಗಿಹೋಗಿದ್ದರೆ ಎಳೆಯಬಾರದು. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನ ಮೇಲೆ ಉಳಿಯುತ್ತದೆ. ಅಂಥದನ್ನು ಗಾಜಿನ ಸಮೇತವಾಗಿಯೇ ಪ್ರತಿ ತೆಗೆಯುವುದು ಲೇಸು.

ಹೀಗಿರಲು, ಹಳೆಯ ಚಿತ್ರದಿಂದ ಕಲೆಯನ್ನು ಮಾಡುವವನು ಮೂಲವನ್ನು ಮುಟ್ಟದೆ ಅದರ ಪ್ರತಿಯ ಮೇಲೆ ಕೆಲಸ ಮಾಡಬೇಕೆಂಬುದು ಸ್ಪಷ್ಟ. ಇದರಿಂದ ಕಲೆಗೆ ಕೊರತೆಯೇನೂ ಬರುವುದಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಹಿರಿಯ ಉದಾಹರಣೆಯಿದೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮರಾವ್ ಸಿಂಗ್ (೧೮೭೦-೧೯೫೪) ಛಾಯಾಗ್ರಹಣದಲ್ಲಿ ಮುಳುಗಿದ್ದ ಹವ್ಯಾಸಿ. ತನ್ನನ್ನೂ, ಹೆಂಡತಿಯನ್ನೂ, ಇಬ್ಬರು ಹೆಣ್ಣುಮಕ್ಕಳನ್ನೂ ದಶಕಗಳ ಕಾಲ ಚಿತ್ರಿಸಿದ. ಆ ರಾಶಿ ಮೊಮ್ಮಗನಾದ ಕಲಾವಿದ ವಿವಾನ್ ಸುಂದರಂ (೧೯೪೩-೨೦೨೩) ಅವರ ಪಾಲಿಗೆ ಬಂದಿತು. ೨೦೦೧ರಿಂದ ಮುಂದೆ ಅವರು ಆ ಚಿತ್ರಗಳ ಪ್ರತಿಗಳನ್ನು ಗಣಕಯಂತ್ರದಲ್ಲಿ ಬೆಸೆದು ‘ರೀ-ಟೇಕ್ ಆಫ್ ಅಮೃತಾ’ ಎಂಬ ಕೃತಿಮಾಲೆಯನ್ನು ರಚಿಸಿದರು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ ತೆಗೆದ ತಂದೆ-ಮಗಳು ಅಲ್ಲಿ ಒಂದೇ ಕೋಣೆಯಲ್ಲಿ ಎದುರುಬದುರಾಗುತ್ತಾರೆ. ೧೯೪೧ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಅಮೃತಾ ತೀರಿಕೊಂಡರೆಂಬುದನ್ನು ನೆನೆದರೆ ಈ ಬೆಸುಗೆಯ ಹಿಂದಿನ ವೇದನೆ ಅರ್ಥವಾಗುತ್ತದೆ. ಉಮರಾವ್ ಸಿಂಗನ ಮೂಲಗಳಿಗೆ ಒಂದು ಗೀರೂ ಬೀಳದೆ ಇದೆಲ್ಲ ಆಯಿತು.

ನಮ್ಮ ಬೆಂಗಳೂರಿನ ಆಯಿಷಾ ಅಬ್ರಹಾಂ ಅವರೂ ಮನೆತನದ ಭಾವಚಿತ್ರಗಳನ್ನು ತಮ್ಮ ಕಲೆಯ ಸಾಮಗ್ರಿಯನ್ನಾಗಿ ಮಾಡಿಕೊಂಡವರು. ಟಾಮ್ ಡಿಅಗ್ವಿಯಾರ್ ಎಂಬ ಹವ್ಯಾಸಿ ತೆಗೆದಿದ್ದ ಮನೆಬಳಕೆಯ ಕಿರಿಯ ಚಲಚ್ಚಿತ್ರಗಳಿಂದ ಅವರು ೨೦೦೫ರಲ್ಲಿ ‘ಸ್ಟ್ರೈಟ್ ೮’ ಎಂಬ ಚಿತ್ರವನ್ನು ಹೆಣೆದರು. ಹಳೆಯ ಫಿಲ್ಮಿನ ಕಲೆ, ಗೀರು, ಬೂಷ್ಟುಗಳಿಗೂ ಅಂಥ ಕೃತಿಗಳಲ್ಲಿ ಹೇಳುವ ಮಾತಿರುತ್ತದೆ. ಆ ಗೀರುಗಳನ್ನು ಯಂತ್ರದಿಂದ ಅಳಿಸಿ ಮುಖವನ್ನು ಗೊಂಬೆಯಂತೆ ನುಣುಪು ಮಾಡುವ ಈಗಿನ ರೂಢಿ ನನಗೆ ಹಿಡಿಸದು. ಗೀರು ಕೂಡ ಆ ಕಾಗದ ಕಂಡ ಕಾಲದ ಗುರುತು. ಗೀರುಸಹಿತವಾದ ಒಂದು ಪ್ರತಿಯಾದರೂ ಇರಲಿ.

ಇನ್ನು ಪ್ರತಿ ತೆಗೆಯುವ ಬಗೆಯನ್ನು ನೋಡೋಣ. ಸಮತಟ್ಟಾದ ಬಿಡಿಚಿತ್ರವಾದರೆ ಸ್ಕ್ಯಾನರೇ ಉತ್ತಮ. ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಓದಿಸಿದರೆ ಒಂದು ಮಿಲಿಮೀಟರಿಗೆ ಸುಮಾರು ೨೪ ಚುಕ್ಕೆ ಬೀಳುತ್ತವೆ. ಸಾಮಾನ್ಯ ಅಳತೆಯ ಚಿತ್ರಕ್ಕೆ ಇದು ಸಾಕು. ಅಂಗೈಗಿಂತ ಚಿಕ್ಕದಾದ ಹಳೆಯ ಚಿತ್ರಗಳಿಗೆ ೧೨೦೦ ಇರಲಿ. ಆದರೆ ಮಡಿಕೆ ಬಿದ್ದುದು, ಗಾಜಿಗೆ ಅಂಟಿದುದು, ದೊಡ್ಡ ಚೌಕಟ್ಟಿನದು ಇವಕ್ಕೆಲ್ಲ ಕ್ಯಾಮೆರಾವೇ ಗತಿ. ಫೋನಿನ ಕ್ಯಾಮೆರಾ ಆದರೂ ಆದೀತು. ಇಲ್ಲಿ ಪಠ್ಯಪುಸ್ತಕದ ದ್ಯುತಿಶಾಸ್ತ್ರವೆಲ್ಲ ಉಪಯೋಗಕ್ಕೆ ಬರುತ್ತದೆ.

ಮೊದಲನೆಯದು ಬೆಳಕಿನ ಸಮತೆ. ಇಪ್ಪತ್ತೈದು ಸೆಂಟಿಮೀಟರು ಅಗಲದ ಚಿತ್ರಕ್ಕೆ ಒಂದೇ ಪಕ್ಕದಲ್ಲಿ ದೀಪವಿಟ್ಟಿದ್ದೇವೆ. ಹತ್ತಿರದ ಅಂಚು ದೀಪದಿಂದ ೫೦ ಸೆಂಟಿಮೀಟರು, ದೂರದ ಅಂಚು ೭೫ ಸೆಂಟಿಮೀಟರು ಎಂದಿಟ್ಟುಕೊಳ್ಳಿ. ವಿಲೋಮ ವರ್ಗ ನಿಯಮದಂತೆ ಹತ್ತಿರದ ಅಂಚಿಗೆ ದೂರದ ಅಂಚಿಗಿಂತ ೨.೨೫ ಪಟ್ಟು ಬೆಳಕು ಬೀಳುತ್ತದೆ. ಮದುಮಗ ಬೆಳ್ಳಗೆ, ಮದುಮಗಳು ಕಪ್ಪಗೆ! ಅದೇ ಬಗೆಯ ಇನ್ನೊಂದು ದೀಪವನ್ನು ಎದುರು ಪಕ್ಕದಲ್ಲಿಡಿ. ಹತ್ತಿರದ ದೀಪದಿಂದ ಅಂಚಿಗೆ ಬರುವ ಬೆಳಕನ್ನು ೧ ಎಂದು ಎಣಿಸಿದರೆ ದೂರದ ದೀಪದಿಂದ ೦.೪೪ ಬರುತ್ತದೆ, ಒಟ್ಟು ೧.೪೪. ನಡುವೆ ಎರಡೂ ದೀಪಗಳಿಂದ ೦.೬೪ರಂತೆ ಒಟ್ಟು ೧.೨೮. ಎರಡು ಪಟ್ಟಿಗೂ ಮಿಗಿಲಾಗಿದ್ದ ವ್ಯತ್ಯಾಸ ಎಂಟರಲ್ಲೊಂದು ಪಾಲಿಗೆ ಇಳಿಯಿತು. ದೀಪಗಳನ್ನು ಇನ್ನೂ ದೂರ ಸರಿಸಿದಷ್ಟೂ ಅದು ಕಡಿಮೆಯಾಗುತ್ತದೆ. ದೀಪವಿಲ್ಲದವರು ನೆರಳಿನ ಅಂಗಳದಲ್ಲಿ, ತೆರೆದ ಆಕಾಶದ ಬೆಳಕಿನಲ್ಲಿ ಕೆಲಸ ಮಾಡಬಹುದು. ಅದಕ್ಕಿಂತ ಸಮವಾದ ದೀಪ ಯಾವ ಅಂಗಡಿಯಲ್ಲಿಯೂ ಸಿಕ್ಕದು.

ಎರಡನೆಯದು ಹೊಳಪು. ಪತನಕೋನವೂ ಪ್ರತಿಫಲನ ಕೋನವೂ ಸಮ ಎಂಬುದನ್ನು ಎಲ್ಲರೂ ಬಲ್ಲಿರಿ. ದೀಪಗಳು ಚಿತ್ರಕ್ಕೆ ೪೫ ಡಿಗ್ರಿಯ ಓರೆಯಲ್ಲಿದ್ದು ಕ್ಯಾಮೆರಾ ನೇರವಾಗಿ ಎದುರಿಗಿದ್ದರೆ ಗಾಜಿನಿಂದ ಚಿಮ್ಮಿದ ಹೊಳಪು ಕ್ಯಾಮೆರಾವನ್ನು ತಪ್ಪಿಸಿಕೊಂಡು ಆಚೆ ಹೋಗುತ್ತದೆ. ಕ್ಯಾಮೆರಾದ ಪ್ರತಿಬಿಂಬವೇ ಗಾಜಿನಲ್ಲಿ ಕಂಡರೆ ಅದರ ಮುಂದೆ ಒಂದು ಕಪ್ಪು ಕಂಬಳಿಯನ್ನು ಇಳಿಬಿಟ್ಟು, ಮಸೂರಕ್ಕಷ್ಟೇ ತೂತು ಮಾಡಿದರಾಯಿತು. ಇದರಿಂದಲೂ ಹೋಗದ ಹೊಳಪೆಂದರೆ ಮೇಲೆ ಹೇಳಿದ ಬೆಳ್ಳಿಯ ನೀಲಿಗನ್ನಡಿ. ಅದಕ್ಕೆ ಪೋಲರಾಯ್ಡ್ ಹಾಳೆಗಳ ಉಪಾಯವುಂಟು. ದೀಪದ ಮುಂದೆ ಒಂದು ಹಾಳೆ, ಮಸೂರದ ಮುಂದೆ ಅದಕ್ಕೆ ಅಡ್ಡಲಾಗಿ ತಿರುಗಿಸಿದ ಇನ್ನೊಂದು ಹಾಳೆ. ಕನ್ನಡಿಯಂಥ ಮೈಯಿಂದ ಮರಳಿದ ಬೆಳಕು ತನ್ನ ಧ್ರುವೀಕರಣವನ್ನು ಬಿಟ್ಟುಕೊಡುವುದಿಲ್ಲ. ಎರಡನೆಯ ಹಾಳೆ ಅದನ್ನು ತಡೆಯುತ್ತದೆ. ಲೇಪದ ಒಳಹೊಕ್ಕು ಕಾಗದದಲ್ಲಿ ಚದರಿ ಬಂದ ಬೆಳಕಿಗೆ ಧ್ರುವೀಕರಣ ಉಳಿದಿರುವುದಿಲ್ಲವಾದುದರಿಂದ ಅದರ ಸುಮಾರು ಅರ್ಧ ಪಾಲು ಹಾದುಬರುತ್ತದೆ. ಮುಖವನ್ನು ಹೊತ್ತು ತರುವುದು ಈ ಎರಡನೆಯ ಬೆಳಕು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿತೋರಿಸಿದಾಗ ನೀಲಿ ಮುಸುಕು ಸರಿದು ಕಣ್ಣು ಮೂಗು ಮೂಡುವುದನ್ನು ಕಂಡ ವಿದ್ಯಾರ್ಥಿಗಳು, ಧ್ರುವೀಕರಣದ ಪಾಠಕ್ಕೆ ಅಂದು ಕಿವಿಗೊಡುವಷ್ಟು ಬೇರೆ ದಿನ ಕೊಡುವುದಿಲ್ಲ.

ಪ್ರತಿ ಸಿದ್ಧವಾದೊಡನೆ ಬಣ್ಣ ಹಾಕುವ ಆಸೆ ಹುಟ್ಟುವುದು ಸಹಜ. ಕಪ್ಪು-ಬಿಳುಪು ಚಿತ್ರಕ್ಕೆ ಕುಂಚದಿಂದ ತೆಳುಬಣ್ಣ ತುಂಬುವ ಕಲೆ ನಮ್ಮ ಸ್ಟುಡಿಯೋಗಳಲ್ಲಿ ಒಂದು ಕಾಲಕ್ಕೆ ಮನೆಮಾತಾಗಿತ್ತು. ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ೧೯೯೮ರ ‘ಸುನ್‌ಹರೇ ಸಪ್ನೇ’ ಚಿತ್ರಮಾಲೆಯಲ್ಲಿ ಆ ಕೈಬಣ್ಣವನ್ನು ಬೇಕೆಂದೇ ಮತ್ತೆ ಬಳಸಿದರು. ಈಗ ಗಣಕಯಂತ್ರವೂ ಕ್ಷಣದಲ್ಲಿ ಬಣ್ಣ ತುಂಬಿಕೊಡುತ್ತದೆ. ಅದು ತುಂಬುವ ಬಣ್ಣ ನಿಜವಾದುದೆ?

ನಿಜವಾಗಿರಲು ಕಾರಣವಿಲ್ಲ. ಕಣ್ಣು ಒಂದು ಬಣ್ಣವನ್ನು ಗುರುತಿಸುವಾಗ ಮೂರು ಅಳತೆಗಳನ್ನು ತೆಗೆದುಕೊಳ್ಳುತ್ತದೆ. ಕಪ್ಪು-ಬಿಳುಪು ಫಿಲ್ಮು ಆ ಮೂರನ್ನೂ ಒಂದೇ ಅಳತೆಗೆ ಇಳಿಸುತ್ತದೆ. ಮೂರು ಸಂಖ್ಯೆಗಳ ಮೊತ್ತ ಹತ್ತು ಎಂದು ಮಾತ್ರ ತಿಳಿದಿದ್ದರೆ ಆ ಮೂರು ಯಾವುವೆಂದು ಯಾವ ಗಣಿತಜ್ಞನೂ ಹೇಳಲಾರ. ಯಂತ್ರವೂ ಊಹಿಸುತ್ತದೆ, ಅಷ್ಟೆ. ಹಳೆಯ ಫಿಲ್ಮುಗಳಲ್ಲಿ ತೊಡಕು ಇನ್ನೂ ಹೆಚ್ಚು. ಬೆಳ್ಳಿಯ ಲವಣ ಸ್ವಭಾವತಃ ನೀಲಿ ಮತ್ತು ಅತಿನೇರಳೆ ಕಿರಣಗಳಿಗೆ ಮಾತ್ರ ಸ್ಪಂದಿಸುತ್ತದೆ. ಅದಕ್ಕೆ ತಕ್ಕ ವರ್ಣದ್ರವ್ಯವನ್ನು ಬೆರೆಸಿದರೆ ಹಸಿರಿಗೂ ಸ್ಪಂದಿಸುವಂತೆ ಮಾಡಬಹುದೆಂದು ಜರ್ಮನಿಯ ಹರ್ಮನ್ ಫೋಗೆಲ್ ೧೮೭೩ರಲ್ಲಿ ಕಂಡುಹಿಡಿದ. ಕೆಂಪಿಗೂ ಕಣ್ಣು ತೆರೆದ ಫಲಕಗಳು ಇಂಗ್ಲೆಂಡಿನ ಮಾರುಕಟ್ಟೆಗೆ ಬಂದುದು ೧೯೦೬ರಲ್ಲಿ. ಅಗ್ಗದ ಹಳೆಯ ಬಗೆಯವು ಆಮೇಲೂ ಬಹುಕಾಲ ಬಳಕೆಯಲ್ಲಿದ್ದವು. ಅಂಥ ಫಲಕಕ್ಕೆ ಕೆಂಪು ಎಂದರೆ ಕತ್ತಲೆ.

ಇದರ ಪರಿಣಾಮವನ್ನು ನಮ್ಮ ಮನೆಗಳ ಚಿತ್ರದಲ್ಲಿಯೇ ಕಾಣಬಹುದು. ಇಳಕಲ್ಲ ಸೀರೆಯ ‘ಟೋಪ್ ತೆನಿ’ ಸೆರಗು ಕೆಂಪು ನೆಲದ ಮೇಲೆ ಬಿಳಿಯ ವಿನ್ಯಾಸವುಳ್ಳದ್ದು. ಕೆಂಪು ಕಾಣದ ಫಲಕದಲ್ಲಿ ಆ ಸೆರಗು ಇದ್ದಿಲಿನಂತೆ ಕಪ್ಪಾಗಿ ಮೂಡುತ್ತದೆ, ಕುಂಕುಮ ಕಾಡಿಗೆಯ ಬೊಟ್ಟಾಗುತ್ತದೆ. ತಿಳಿನೀಲಿಯ ಬಟ್ಟೆ ಬಿಳಿಯಾಗಿ ತೋರುತ್ತದೆ. ಎಲ್ಲಿಯೋ ದೂರದ ದೇಶಗಳ ಚಿತ್ರಗಳನ್ನು ಕಂಡು ಕಲಿತ ಯಂತ್ರ ಆ ಸೆರಗಿಗೆ ಕಪ್ಪನ್ನೋ ಕಡುನೀಲಿಯನ್ನೋ ತುಂಬಿ, ನಿಮ್ಮ ಮುತ್ತಜ್ಜಿ ಎಂದೂ ಉಡದ ಸೀರೆಯನ್ನು ಅವಳಿಗೆ ಉಡಿಸುತ್ತದೆ. ಸೀರೆಯ ಬಣ್ಣ ಈಗ ಉಳಿದಿರುವುದು ಒಂದೇ ಕಡೆಯಲ್ಲಿ: ಅದನ್ನು ಕಂಡ ಹಿರಿಯರ ನೆನಪಿನಲ್ಲಿ. “ಆಯಿ, ಈ ಸೀರಿ ಯಾವ ಬಣ್ಣದ್ದಿತ್ತು?” ಎಂದು ಕೇಳಿ, ಅವರು ಹೇಳಿದುದನ್ನು ಪ್ರತಿಯ ಹಿಂದೆ ಪೆನ್ಸಿಲಿನಿಂದ ಬರೆದಿಡಬೇಕು. ಯಾರ ಚಿತ್ರ, ಎಲ್ಲಿಯದು, ಯಾವ ವರ್ಷದ್ದು ಎಂಬುದನ್ನೂ ಅಲ್ಲಿಯೇ ಬರೆಯಬೇಕು. ಬೆಳ್ಳಿ ನೂರು ವರ್ಷ ತಡೆದೀತು. ತೊಂಬತ್ತರ ಆಯಿಯ ನೆನಪಿಗೆ ಅಷ್ಟು ಅವಧಿಯಿಲ್ಲ. ಕೇಳುವಾಗಲೇ ಇನ್ನೊಂದು ಮಾತನ್ನೂ ಕೇಳಿರಿ. ಚಿತ್ರದಲ್ಲಿರುವವರನ್ನು ಹತ್ತು ಜನರ ಮುಂದಿಡಲು ಮನೆಯವರಿಗೆ ಒಪ್ಪಿಗೆಯೆ? ಕೆಲವು ಚಿತ್ರಗಳು ಪೆಟ್ಟಿಗೆಯ ತಳದಲ್ಲಿರುವುದಕ್ಕೆ ಕಾರಣವಿರುತ್ತದೆ.

ಅಜ್ಜಿ, ತಾಯಿ, ಮಗಳು ಇವರ ಮುಖಗಳನ್ನು ಒಂದರ ಮೇಲೊಂದು ಕೂಡಿಸಿ ಒಂದೇ ಮುಖ ಮಾಡುವುದೂ ಒಂದು ಕ್ರಮ. ೧೮೭೮ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇದನ್ನು ಪ್ರಕಟಿಸಿದ. ಎಂಟು ಮುಖಗಳಿದ್ದರೆ ಪ್ರತಿಯೊಂದಕ್ಕೂ ಫಲಕದ ಮೇಲೆ ಎಂಟರಲ್ಲೊಂದು ಪಾಲು ಬೆಳಕು. ಎಲ್ಲರಿಗೂ ಸಮಾನವಾದ ಲಕ್ಷಣ ಗಾಢವಾಗಿ ಉಳಿಯುತ್ತದೆ, ಒಬ್ಬರಲ್ಲಿ ಮಾತ್ರ ಇದ್ದುದು ಮಂಜಿನಂತೆ ಮಸಕಾಗುತ್ತದೆ. ಮುಖ ನೋಡಿ ಅಪರಾಧಿಯನ್ನು ಗುರುತಿಸಬಹುದೆಂಬ ಅವನ ಹಂಬಲ ಸುಳ್ಳಾಯಿತು. ಆದರೆ ಒಂದೇ ಮನೆತನದವರ ಮುಖಗಳನ್ನು ಕೂಡಿಸಿ ಅವನು ಮಾಡಿದ ಚಿತ್ರಗಳು ಇಂದಿಗೂ ನೋಡುವಂತಿವೆ. ಗಣಕಯಂತ್ರದಲ್ಲಿ ಮಾಡುವವರು ಕಣ್ಣುಗಳನ್ನು ಒಂದೇ ಸ್ಥಾನಕ್ಕೆ ತಂದು, ಕೆಳಗಿನ ಪದರವನ್ನು ಶೇಕಡಾ ೧೦೦, ಅದರ ಮೇಲಿನದನ್ನು ೫೦, ಮೂರನೆಯದನ್ನು ೩೩, ನಾಲ್ಕನೆಯದನ್ನು ೨೫ ಹೀಗೆ ಗಾಢತೆಯಿಟ್ಟರೆ ಎಲ್ಲರಿಗೂ ಸಮಪಾಲು ಸಲ್ಲುತ್ತದೆ. ಹೇಗೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ.

ನನ್ನ ಮೆಚ್ಚಿನ ಬಗೆ ಬೇರೊಂದು. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿಗಳೆರಡೂ ನಮ್ಮ ಸೀಮೆಯಲ್ಲಿ ಧಾರಾಳವಾಗಿವೆ: ಬಿಸಿಲು ಮತ್ತು ಹತ್ತಿಯ ಬಟ್ಟೆ. ಹೈಪೊವನ್ನು ಕೊಟ್ಟ ಹರ್ಷೆಲ್ಲನೇ ೧೮೪೨ರಲ್ಲಿ ಬೆಳ್ಳಿಯ ಹಂಗಿಲ್ಲದೆ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರವನ್ನು ಮೂಡಿಸುವ ವಿಧಾನವನ್ನು ಕಂಡುಹಿಡಿದ. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬಾಕೆ ನೀರಿನ ಪಾಚಿಗಿಡಗಳ ನೆರಳನ್ನು ಈ ಕ್ರಮದಲ್ಲಿ ಅಚ್ಚೊತ್ತಿ ಪುಸ್ತಕ ಮಾಡತೊಡಗಿದಳು. ಮುಂದೆ ಇಂಜಿನಿಯರುಗಳು ಸೇತುವೆ, ಅಣೆಕಟ್ಟುಗಳ ನಕ್ಷೆಗೆ ಪ್ರತಿ ತೆಗೆಯಲು ಇದನ್ನೇ ಹಿಡಿದರು. ಯೋಜನೆಗೆ ನಾವು ‘ನೀಲಿನಕ್ಷೆ’ ಎನ್ನುವುದು ಇದರಿಂದಲೇ.

ಮೊದಲು ನೆಗೆಟಿವ್ ಬೇಕು. ಪ್ರತಿಯ ಕಪ್ಪನ್ನು ಬಿಳುಪಾಗಿ, ಬಿಳುಪನ್ನು ಕಪ್ಪಾಗಿ ಗಣಕಯಂತ್ರದಲ್ಲಿ ತಿರುಗಿಸಿ, ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಅಚ್ಚುಹಾಕಿಸಬೇಕು. ಅಲ್ಲಿಯ ಯಂತ್ರದ ಕಪ್ಪು ಅಷ್ಟು ಗಾಢವಲ್ಲ. ಹತ್ತರಲ್ಲೊಂದು ಪಾಲು ಬೆಳಕನ್ನು ಸೋರಗೊಡುತ್ತದೆಂದು ಹಿಡಿಯೋಣ. ಅಂಥವೇ ಎರಡು ಹಾಳೆಗಳನ್ನು ಕರಾರುವಾಕ್ಕಾಗಿ ಒಂದರ ಮೇಲೊಂದು ಜೋಡಿಸಿದರೆ ಸೋರುವುದು ಹತ್ತರಲ್ಲೊಂದರ ಹತ್ತರಲ್ಲೊಂದು, ಅಂದರೆ ನೂರರಲ್ಲೊಂದು ಪಾಲು ಮಾತ್ರ.

ರಬಕವಿ-ಬನಹಟ್ಟಿ ನೇಕಾರರ ಊರುಗಳು. ಅಲ್ಲಿಯ ಮಗ್ಗದ ಶುದ್ಧ ಹತ್ತಿಯ ಬಟ್ಟೆ ಈ ಕೆಲಸಕ್ಕೆ ಒಳ್ಳೆಯದು. ಆದರೆ ನೇಯುವಾಗ ಹಾಸಿನ ನೂಲಿಗೆ ಗಂಜಿ ಕೊಟ್ಟಿರುತ್ತಾರೆ. ಅದು ದ್ರಾವಣವನ್ನು ನೂಲಿನ ಒಳಕ್ಕೆ ಬಿಡುವುದಿಲ್ಲ. ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆಯಬೇಕು. ಸಾಬೂನಿನ ಲೇಶವೂ ಉಳಿಯದಂತೆ ಜಾಲಿಸಬೇಕು. ಪಾಲಿಯೆಸ್ಟರ್ ಬಟ್ಟೆ ನಿಷ್ಪ್ರಯೋಜಕ. ನೇಯ್ಗೆಯೂ ಒಂದು ಮಿತಿಯನ್ನು ಹಾಕುತ್ತದೆ. ಅಂಗುಲಕ್ಕೆ ೬೦ ಎಳೆಯಿದ್ದರೆ ಒಂದಂಗುಲದ ಮುಖಕ್ಕೆ ದೊರೆಯುವುದು ಅರವತ್ತೇ ಗೆರೆ. ರೆಪ್ಪೆ, ಮೂಗುತಿಗಳು ಅಲ್ಲಿ ಉಳಿಯಲಾರವು. ಅದೇ ಮುಖವನ್ನು ಐದಂಗುಲಕ್ಕೆ ಹಿಗ್ಗಿಸಿದರೆ ಮುನ್ನೂರು ಗೆರೆ ಸಿಕ್ಕಿ ನತ್ತಿನ ಹರಳೂ ಕಾಣುತ್ತದೆ.

ಫೆರಿಕ್ ಅಮೋನಿಯಂ ಸಿಟ್ರೇಟ್ ೨೫ ಗ್ರಾಂ ೧೦೦ ಮಿಲಿಲೀಟರು ನೀರಿನಲ್ಲಿ ಒಂದು ದ್ರಾವಣ. ಪೊಟಾಸಿಯಂ ಫೆರಿಸಯನೈಡ್ ೧೦ ಗ್ರಾಂ ೧೦೦ ಮಿಲಿಲೀಟರು ನೀರಿನಲ್ಲಿ ಇನ್ನೊಂದು. ಇವನ್ನು ಕಾಲೇಜಿನ ರಸಾಯನಶಾಲೆಯಲ್ಲಿ ಅಧ್ಯಾಪಕರ ಸಮಕ್ಷಮದಲ್ಲಿ ಮಾಡಿರಿ. ಎರಡನೆಯ ಲವಣಕ್ಕೆ ತೀವ್ರ ಆಮ್ಲ ತಾಕಬಾರದು, ಅದನ್ನು ಬಿಸಿಮಾಡಬಾರದು. ಹಾಗೆ ಮಾಡಿದರೆ ವಿಷಾನಿಲ ಹುಟ್ಟುವ ಅಪಾಯವುಂಟು. ಅಡಿಗೆಯ ಪಾತ್ರೆಗಳನ್ನು ಇದರ ಹತ್ತಿರ ತರಲೇಬಾರದು. ಎರಡೂ ದ್ರಾವಣಗಳನ್ನು ಸಮಪಾಲು ಬೆರೆಸಿ, ಮಬ್ಬು ಬೆಳಕಿನಲ್ಲಿ ಬಟ್ಟೆಗೆ ಸವರಿ, ಕತ್ತಲೆಯಲ್ಲಿ ಒಣಗಿಸಬೇಕು. ಬಟ್ಟೆಗೆ ಹಳದಿಬೆರೆತ ಹಸಿರು ಬಣ್ಣ ಬರುತ್ತದೆ. ಅದನ್ನು ಹಲಗೆಯ ಮೇಲೆ ಹಾಸಿ, ಮೇಲೆ ನೆಗೆಟಿವನ್ನೂ ಅದರ ಮೇಲೆ ಗಾಜನ್ನೂ ಬಿಗಿಯಾಗಿಟ್ಟು ಬಿಸಿಲಿಗೆ ಒಯ್ಯಿರಿ.

ಬಿಸಿಲಿನ ಅತಿನೇರಳೆ ಕಿರಣ ಬಿದ್ದಲ್ಲಿ ಸಿಟ್ರೇಟು ಒಂದು ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ಬಿಟ್ಟುಕೊಡುತ್ತದೆ. ಫೆರಿಕ್ ಅಯಾನು ಫೆರಸ್ ಆಗುತ್ತದೆ. ಆ ಫೆರಸ್ ಅಯಾನು ಫೆರಿಸಯನೈಡಿನೊಡನೆ ಕೂಡಿ ‘ಪ್ರಷ್ಯನ್ ನೀಲಿ’ ಎಂಬ ಕರಗದ ಬಣ್ಣವಾಗಿ ನೂಲಿನ ಒಳಗೆ ನೆಲೆಸುತ್ತದೆ. ಬೆಳಕು ಬೀಳದ ಕಡೆಯ ಲವಣಗಳು ನೀರಿನಲ್ಲಿ ಕರಗುವಂಥವಾಗಿಯೇ ಉಳಿಯುತ್ತವೆ. ಮನೆಯ ಹಳೆಯ ಬಗೆಯ ಗಾಜಿನ ಬುರುಡೆದೀಪದಲ್ಲಿ ಈ ಕಿರಣಗಳು ತೀರ ಅಲ್ಪವಾದುದರಿಂದಲೇ ಅದರ ಮಬ್ಬು ಬೆಳಕಿನಲ್ಲಿ ಬಟ್ಟೆಗೆ ಲೇಪ ಕೊಡಲು ಧೈರ್ಯ. ಬೇಸಗೆಯ ನಡುಹಗಲಿನಲ್ಲಿ ಐದರಿಂದ ಹದಿನೈದು ನಿಮಿಷ ಸಾಕಾಗುತ್ತದೆ. ಅಂಚಿನ ಬಣ್ಣ ಹಸಿರಿನಿಂದ ನೀಲಿಗೆ, ನೀಲಿಯಿಂದ ಬೂದಿಗೆ ತಿರುಗಿದಾಗ ಒಳಕ್ಕೆ ತಂದು ತಣ್ಣೀರಿನಲ್ಲಿ ತೊಳೆಯಬೇಕು. ಹಳದಿ ನೀರು ಹೋಗುವುದು ನಿಂತಾಗ ಕೆಲಸ ಮುಗಿಯಿತು. ಮೊದಲು ಮಂಕಾಗಿ ಕಂಡ ಮುಖ ಗಾಳಿಯ ಆಕ್ಸಿಜನ್ನಿನಿಂದ ಒಂದೆರಡು ದಿನಗಳಲ್ಲಿ ಗಾಢನೀಲಿಯಾಗುತ್ತದೆ.

ಚಿಕ್ಕಪಡಸಲಗಿಯ ಆ ರೈತನ ಕೆಂಪಡರಿದ ಚಿತ್ರಕ್ಕೂ ಈ ವಿಧಾನ ಹೊಂದುತ್ತದೆ. ಕಳೆದುಹೋದ ಹಸಿರುನೀಲಿಯನ್ನು ಯಾರೂ ಮರಳಿ ತರಲಾರರು; ಆದರೆ ಉಳಿದ ಎರಡು ಬಣ್ಣಗಳಲ್ಲಿ ಆಕೃತಿ ಇನ್ನೂ ಇದೆ. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಹಸಿರಿನ ಅಂಶವನ್ನಷ್ಟೇ ಬೇರ್ಪಡಿಸಿ ಕಪ್ಪು-ಬಿಳುಪು ಮಾಡಿದರೆ ಕಡುಗೆಂಪು ದ್ರವ್ಯದಲ್ಲಿ ಉಳಿದ ವಿವರವೆಲ್ಲ ಸ್ಪಷ್ಟವಾಗುತ್ತದೆ. ಅದರಿಂದ ಮಾಡಿದ ನೆಗೆಟಿವಿನ ಕೆಳಗೆ ಬನಹಟ್ಟಿಯ ಬಟ್ಟೆಯಿಟ್ಟರೆ ಬುಟ್ಟಿ ಹೊತ್ತ ಆಳು, ಅವನ ಹಿಂದಿನ ಹೊಳೆ, ಇನ್ನೂ ಅರ್ಧ ಎದ್ದ ಕಂಬಗಳು ನೀಲಿಯಲ್ಲಿ ಮೂಡುತ್ತವೆ.

ಇಂಥ ಬಟ್ಟೆಯನ್ನು ಒಗೆಯುವ ಸೋಡಾದಿಂದಲೂ ಸಾಬೂನಿನಿಂದಲೂ ದೂರವಿಡಬೇಕು. ಪ್ರಷ್ಯನ್ ನೀಲಿ ಆಮ್ಲಕ್ಕೆ ಅಂಜದು, ಕ್ಷ್ರಾರಕ್ಕೆ ಅಂಜುತ್ತದೆ. ಸೋಡಾದ ನೀರಿನಲ್ಲಿ ಅದ್ದಿದರೆ ಹಳದಿಯ ಮಸುಕಷ್ಟೇ ಉಳಿಯುತ್ತದೆ. ಕಿಟಕಿಯ ಎದುರಿನ ಗೋಡೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕಿದರೂ ನೀಲಿ ಸ್ವಲ್ಪ ತಿಳಿಯಾಗುತ್ತದೆ. ಆಗ ಗಾಬರಿಪಡಬೇಕಾದುದಿಲ್ಲ. ಅದನ್ನು ಇಳಿಸಿ, ಗಾಳಿಯಾಡುವ ಕತ್ತಲೆಯ ಪೆಟ್ಟಿಗೆಯಲ್ಲಿ ಕೆಲವು ದಿನ ಇಟ್ಟರೆ ಬೆಳಕಿನಿಂದ ಬಿಳಿಚಿದ ಕಬ್ಬಿಣ ಆಕ್ಸಿಜನ್ನಿನ ಸಹಾಯದಿಂದ ಮತ್ತೆ ಹಿಂದಿನ ಸ್ಥಿತಿಗೆ ಬಂದು, ಹೋದ ನೀಲಿಯ ಬಹುಪಾಲು ಮರಳುತ್ತದೆ.